ಮನೆಯಲ್ಲಿ ಬರೆದ ಚೆಸ್ ಎಂಜಿನ್‌ಗಳನ್ನು ಆನ್‌ಲೈನ್‌ನಲ್ಲಿ ಆಡಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದಲ್ಲಿ ಮನೆ, ಮೈಸೂರಿನಲ್ಲಿ ಕೆಲಸ ಇರುವ ನಾನು ಹಲವು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ಒಂದು ಚೆಸ್ ಎಂಜಿನ್ ಬರೆಯುತ್ತಿದ್ದೇನೆ. ಇದೇ ಹವ್ಯಾಸದ ಗೆಳೆಯರು ಎರಡೂ ಊರುಗಳಲ್ಲಿದ್ದಾರೆ. ಭಾನುವಾರಗಳಂದು ನಮ್ಮ ನಮ್ಮ ಎಂಜಿನ್‌ಗಳನ್ನು ಆನ್‌ಲೈನ್‌ನಲ್ಲಿ ಪರಸ್ಪರ ಆಡಿಸುತ್ತೇವೆ. ಬೆಳಗಿನ ರೈಲಿನ ಮಾತುಕತೆಯಲ್ಲಿ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪತ್ರಗಳಲ್ಲಿ, ಪಂದ್ಯ ನೋಡಲು ಬಂದವರ ಬಾಯಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಿದ್ದೇನೆ. ಕಾಯಿಗಳ ಹೆಸರು ಊರಿಂದೂರಿಗೆ ಬದಲಾಗುವುದರಿಂದ ಒಂದು ಮಾತನ್ನು ಮೊದಲೇ ಹೇಳಬೇಕು: ಇಲ್ಲಿ ಮಂತ್ರಿ ಎಂದರೆ ಕ್ವೀನ್, ಆನೆ ಎಂದರೆ ರೂಕ್, ಒಂಟೆ ಎಂದರೆ ಬಿಷಪ್, ಕಾಲಾಳು ಎಂದರೆ ಪಾನ್.

## ಶುರು ಮಾಡುವ ಮುನ್ನ

ಚೆಸ್ ಎಂಜಿನ್ ಅಂದರೆ ಏನು ಸರ್? ಮೊಬೈಲಿನಲ್ಲಿರುವ ಚೆಸ್ ಆ್ಯಪ್ ತರಹವೇ?

ಆ್ಯಪ್‌ನ ಒಳಗೆ ಕುಳಿತು ಯೋಚಿಸುವ ಭಾಗವನ್ನು ಮಾತ್ರ ಎಂಜಿನ್ ಎನ್ನುತ್ತೇವೆ. ಅದಕ್ಕೆ ಹಲಗೆಯ ಚಿತ್ರವಿಲ್ಲ, ಬಣ್ಣವಿಲ್ಲ, ಒತ್ತುವ ಗುಂಡಿಗಳಿಲ್ಲ. ಆಟದ ಸ್ಥಿತಿಯನ್ನು ಅಕ್ಷರಗಳ ಸಾಲಾಗಿ ಕೊಟ್ಟರೆ, ಕೊಟ್ಟ ಸಮಯದೊಳಗೆ ಲೆಕ್ಕ ಹಾಕಿ, ತನಗೆ ಸರಿಯೆನಿಸಿದ ನಡೆಯನ್ನು ಅಕ್ಷರಗಳಲ್ಲೇ ಹಿಂದಿರುಗಿಸುವುದು ಅದರ ಕೆಲಸ. ಒಳಗೆ ಮುಖ್ಯವಾಗಿ ಮೂರು ಭಾಗಗಳಿರುತ್ತವೆ: ನಿಯಮಕ್ಕೆ ಒಪ್ಪುವ ನಡೆಗಳನ್ನೆಲ್ಲ ಪಟ್ಟಿ ಮಾಡುವುದು, ಆ ನಡೆಗಳಿಗೆ ಬರಬಹುದಾದ ಉತ್ತರ ಪ್ರತ್ಯುತ್ತರಗಳನ್ನು ಆಳಕ್ಕೆ ಹುಡುಕುತ್ತ ಹೋಗುವುದು, ಹುಡುಕಾಟ ನಿಂತಲ್ಲಿ ಸ್ಥಿತಿ ಯಾರಿಗೆ ಎಷ್ಟು ಅನುಕೂಲವೆಂದು ಒಂದು ಸಂಖ್ಯೆಯಲ್ಲಿ ಹೇಳುವುದು. ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1950ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಈ ಚೌಕಟ್ಟನ್ನು ವಿವರಿಸಿದರು. ನಾವು ಮನೆಯಲ್ಲಿ ಬರೆಯುವ ಬಹುತೇಕ ಎಂಜಿನ್‌ಗಳು ಇಂದಿಗೂ ಅದರ ಮೇಲೆಯೇ ನಿಂತಿವೆ.

ಸ್ಟಾಕ್‌ಫಿಶ್ ಬಿಟ್ಟಿಯಾಗಿ ಸಿಗುತ್ತದಲ್ಲ, ಮತ್ತೆ ನಾವು ಯಾಕೆ ಬರೆಯಬೇಕು?

ಬಲವಾದ ಎಂಜಿನ್ ಬೇಕೆಂಬುದಷ್ಟೇ ನಿಮ್ಮ ಅಗತ್ಯವಾಗಿದ್ದರೆ ಬರೆಯುವ ಕಾರಣವೇ ಇಲ್ಲ. ಸ್ಟಾಕ್‌ಫಿಶ್ ಅನ್ನು ಇಳಿಸಿಕೊಂಡು ಬಳಸಿ. 2008ರಲ್ಲಿ ಮೊದಲು ಬಿಡುಗಡೆಯಾದ ಆ ಎಂಜಿನ್ ಹಿಂದೆ ನೂರಾರು ಜನರ ದುಡಿಮೆಯಿದೆ, ಒಬ್ಬಂಟಿ ಹವ್ಯಾಸಿಯ ಎಂಜಿನ್ ಅದನ್ನು ಸರಿಗಟ್ಟುವುದು ತೀರ ಕಷ್ಟ. ಆದರೆ ಹುಡುಕಾಟ ಎಂದರೇನು, ಯಂತ್ರವೊಂದು ಇದು ಒಳ್ಳೆಯ ನಡೆ ಎಂದು ಯಾವ ಆಧಾರದ ಮೇಲೆ ನಿರ್ಧರಿಸುತ್ತದೆ, ನಾನು ಮಾಡಿದ ಬದಲಾವಣೆ ನಿಜವಾಗಿ ಸುಧಾರಣೆಯೇ ಎಂದು ತಿಳಿಯುವುದು ಹೇಗೆ ಎಂಬ ಪ್ರಶ್ನೆಗಳಿಗೆ ಸ್ವಂತ ಎಂಜಿನ್ ಕೊಡುವ ಉತ್ತರವನ್ನು ಇಳಿಸಿಕೊಂಡ ಎಂಜಿನ್ ಕೊಡಲಾರದು.

ಮೈಸೂರಿನವರಿಗೆ ಇದನ್ನು ವಿವರಿಸುವಾಗ ನನಗೆ ಮುಮ್ಮಡಿ ಕೃಷ್ಣರಾಜ ಒಡೆಯರು ನೆನಪಾಗುತ್ತಾರೆ. ಶ್ರೀತತ್ತ್ವನಿಧಿ ಎಂಬ ಗ್ರಂಥದಲ್ಲಿ ಕೌತುಕನಿಧಿ ಎಂಬ ಭಾಗವನ್ನು ಆಟಗಳಿಗೆಂದೇ ಮೀಸಲಿಟ್ಟ ಅವರು, ಚದುರಂಗದ ಕುದುರೆಯನ್ನು 64 ಮನೆಗಳಿಗೂ ಒಂದೊಂದೇ ಬಾರಿ ಕರೆದೊಯ್ಯುವ ನಡೆಗಳನ್ನು ರಚಿಸಿದರು. ಅವುಗಳಲ್ಲೊಂದರಲ್ಲಿ ನಡೆಯ ಕ್ರಮಸಂಖ್ಯೆಗಳನ್ನು ಮನೆಗಳಲ್ಲಿ ಬರೆದರೆ ಪ್ರತಿ ಅಡ್ಡಸಾಲಿನ ಮತ್ತು ಪ್ರತಿ ಕಂಬಸಾಲಿನ ಮೊತ್ತ 260 ಬರುತ್ತದೆ. ಅಂಥ ನಡೆಯನ್ನು ಕಂಪ್ಯೂಟರಿನಿಂದ ಹುಡುಕಿಸುವ ಪ್ರೋಗ್ರಾಂ ಬರೆಯಲು ನಾನು ಒಮ್ಮೆ ಕುಳಿತಾಗಲೇ, ಕಾಗದದ ಮೇಲೆ ಅದನ್ನು ಕಂಡುಕೊಳ್ಳುವುದು ಎಷ್ಟು ದೊಡ್ಡ ಕೆಲಸವೆಂದು ನನಗೆ ಅರ್ಥವಾದದ್ದು. ಮುದ್ರಿತ ಉತ್ತರವನ್ನು ನೋಡಿ ಮೆಚ್ಚಿದ್ದ ಅಷ್ಟು ವರ್ಷಗಳಲ್ಲಿ ಆ ಅರಿವು ಬಂದಿರಲಿಲ್ಲ.

ನನಗೆ ಚೆಸ್ ಅಷ್ಟಾಗಿ ಬರುವುದಿಲ್ಲ. ಆದರೂ ಬರೆಯಬಹುದೇ?

ಬರೆಯಬಹುದು. ಕಂಪ್ಯೂಟರ್ ವಿಜ್ಞಾನಕ್ಕೆ ಬುನಾದಿ ಹಾಕಿದವರಲ್ಲೊಬ್ಬರಾದ ಅಲನ್ ಟ್ಯೂರಿಂಗ್ ಕೂಡ ಬಲವಾದ ಆಟಗಾರರಾಗಿರಲಿಲ್ಲ. ಆದರೂ 1948ರಲ್ಲಿ ಗೆಳೆಯರೊಬ್ಬರೊಡನೆ ಸೇರಿ ಚೆಸ್ ಆಡುವ ಕ್ರಮವೊಂದನ್ನು ರೂಪಿಸಿದರು. ಅದನ್ನು ನಡೆಸಬಲ್ಲ ಕಂಪ್ಯೂಟರ್ ಕೈಗೆ ಸಿಗದ ಕಾರಣ 1952ರಲ್ಲಿ ತಾವೇ ಕಾಗದದ ಮೇಲೆ ಲೆಕ್ಕ ಹಾಕುತ್ತ, ಒಂದೊಂದು ನಡೆಗೆ ಸುಮಾರು ಅರ್ಧ ಗಂಟೆ ತೆಗೆದುಕೊಂಡು, ಒಂದು ಆಟವನ್ನು ಆಡಿದರು. ಆಟ ಸೋತಿತು, ಕ್ರಮ ಉಳಿಯಿತು. ನೀವು ಚೆನ್ನಾಗಿ ಆಡಬೇಕಾಗಿಲ್ಲ, ಆದರೆ ನಿಯಮಗಳನ್ನು ಚೆನ್ನಾಗಿ ಆಡುವವರಿಗಿಂತಲೂ ಖಚಿತವಾಗಿ ತಿಳಿದಿರಬೇಕು: ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸ್ಲಿಂಗ್ ಮಾಡುವಾಗ ರಾಜ ಹಾದುಹೋಗುವ ಮನೆಯ ಮೇಲೆ ಎದುರಾಳಿಯ ಹಿಡಿತವಿರಬಾರದೆಂಬುದು, ಕಾಲಾಳನ್ನು ದಾರಿಯಲ್ಲೇ ಹೊಡೆಯುವ ಆನ್ ಪಾಸಾನ್, ಒಂದೇ ಸ್ಥಿತಿ ಮೂರು ಬಾರಿ ಬಂದರೆ ಸಮ, 50 ನಡೆಗಳ ನಿಯಮ.

ನನಗೆ ಪೈಥಾನ್ ಮಾತ್ರ ಗೊತ್ತು. ಸಿ++ ಕಲಿತೇ ಶುರು ಮಾಡಬೇಕೇ?

ಪೈಥಾನ್‌ನಲ್ಲೇ ಶುರು ಮಾಡಿ. ಸನ್‌ಫಿಶ್ ಎಂಬ ಪೈಥಾನ್ ಎಂಜಿನ್ ನೂರು ಚಿಲ್ಲರೆ ಸಾಲುಗಳಲ್ಲಿ ಬರೆದದ್ದು, ಅದು ಮನುಷ್ಯರೊಡನೆ ಮರ್ಯಾದೆಯಿಂದ ಆಡುತ್ತದೆ. ಆದರೆ ವೇಗದ ಬೆಲೆಯೂ ನಿಮಗೆ ಗೊತ್ತಿರಲಿ. ಎಂಜಿನ್‌ನ ವೇಗ ಎರಡು ಪಟ್ಟಾದರೆ ಅದರ ಬಲ ಸಾಮಾನ್ಯವಾಗಿ 50ರಿಂದ 70 ಎಲೋ (ಆಟದ ಬಲ ಅಳೆಯುವ ಅಳತೆ) ಅಂಶಗಳಷ್ಟು ಹೆಚ್ಚುತ್ತದೆಂಬುದು ನಮ್ಮ ವಲಯದ ಒಪ್ಪಿತ ಅಂದಾಜು. ಸಿ, ಸಿ++ ಅಥವಾ ರಸ್ಟ್‌ನಲ್ಲಿ ಬರೆದ ಅದೇ ತರ್ಕ ಪೈಥಾನ್‌ಗಿಂತ ಹತ್ತಾರು ಪಟ್ಟು ವೇಗವಾಗಿ ಓಡುತ್ತದೆ. ಗೊತ್ತಿರುವ ಭಾಷೆಯಲ್ಲಿ ತಪ್ಪಿಲ್ಲದ ಎಂಜಿನ್ ಒಂದನ್ನು ಪೂರ್ಣಗೊಳಿಸಿ, ಆಮೇಲೆ ಅದನ್ನು ಮುಂದಿಟ್ಟುಕೊಂಡು ವೇಗದ ಭಾಷೆಯನ್ನು ಕಲಿಯುವುದೇ ಸುಲಭ ಎಂಬುದು ನನ್ನ ಅನುಭವ.

ಹಳೆಯ ಲ್ಯಾಪ್‌ಟಾಪ್ ಸಾಕಾಗುತ್ತದೆಯೇ?

ಬರೆಯುವುದಕ್ಕೂ ಆಡಿಸುವುದಕ್ಕೂ ಧಾರಾಳವಾಗಿ ಸಾಕು. ಸಾವಿರಾರು ಆಟಗಳ ಪರೀಕ್ಷೆ ನಡೆಸುವ ಹಂತಕ್ಕೆ ಬಂದಾಗ ಮಾತ್ರ ಹೆಚ್ಚು ಕೋರ್‌ಗಳ ಯಂತ್ರ ಬೇಕೆನಿಸುತ್ತದೆ.

## ಬರೆಯುವಾಗ

ನಡೆಗಳೆಲ್ಲ ಸರಿಯಾಗಿವೆ ಅಂತ ಹೇಗೆ ಗೊತ್ತಾಗುತ್ತದೆ? ನಾಲ್ಕು ಆಟ ಆಡಿ ನೋಡಿದರೆ ಸಾಲದೇ?

ಸಾಲದು. ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವ ಸಮಯವಿದ್ದರೆ ಇದನ್ನು ಓದಿ ಎಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಅರ್ಧಕ್ಕೇ ನಿಂತುಹೋದ ಎಂಜಿನ್‌ಗಳಲ್ಲಿ ನಾನು ಕಂಡ ಹೆಚ್ಚಿನವು ಇಲ್ಲಿಯೇ ಎಡವಿದ್ದವು.

ನಡೆಗಳ ಪಟ್ಟಿಯನ್ನು ಪರೀಕ್ಷಿಸುವ ವಿಧಾನಕ್ಕೆ ಪರ್ಫ್ಟ್ ಎಂದು ಹೆಸರು. ಒಂದು ಸ್ಥಿತಿಯಿಂದ ನಿರ್ದಿಷ್ಟ ಆಳದವರೆಗೆ (ಯಾವುದೇ ಕಡೆಯ ಒಂದು ನಡೆಗೆ ಆಳ 1) ಸಾಧ್ಯವಿರುವ ನಡೆಗಳ ಸರಣಿಗಳನ್ನೆಲ್ಲ ಎಣಿಸಿ, ಬಂದ ಸಂಖ್ಯೆಯನ್ನು ಎಲ್ಲರೂ ಒಪ್ಪಿರುವ ಸಂಖ್ಯೆಯೊಡನೆ ಹೋಲಿಸಬೇಕು. ಆಟದ ಆರಂಭದ ಸ್ಥಿತಿಯಿಂದ ಆಳ 1ಕ್ಕೆ 20, ಆಳ 2ಕ್ಕೆ 400, ಆಳ 3ಕ್ಕೆ 8,902, ಆಳ 4ಕ್ಕೆ 1,97,281, ಆಳ 5ಕ್ಕೆ 48,65,609 ಬರಬೇಕು. ಒಂದು ಹೆಚ್ಚಾದರೂ ಒಂದು ಕಡಿಮೆಯಾದರೂ ಎಲ್ಲೋ ತಪ್ಪಿದೆ ಎಂದೇ ಅರ್ಥ. ಆರಂಭದ ಸ್ಥಿತಿ ಸಾಧು ಸ್ವಭಾವದ್ದು; ಕ್ಯಾಸ್ಲಿಂಗ್, ಕೊನೆಯ ಸಾಲು ಮುಟ್ಟಿದ ಕಾಲಾಳಿನ ಬಡ್ತಿ ಮುಂತಾದವು ಅಷ್ಟು ಬೇಗ ಅಲ್ಲಿ ಎದುರಾಗುವುದಿಲ್ಲ. ಆದ್ದರಿಂದ ಬೇಕೆಂದೇ ತೊಡಕಾಗಿ ಜೋಡಿಸಿದ ಸ್ಥಿತಿಗಳನ್ನೂ ಪರೀಕ್ಷಿಸಬೇಕು. ಕಿವಿಪೀಟ್ ಎಂದು ಹೆಸರಾದ ಸ್ಥಿತಿಯಲ್ಲಿ ಮೊದಲ ಮೂರು ಆಳಗಳಿಗೆ 48, 2,039, 97,862 ಬರಬೇಕು.

ನನ್ನ ಎಂಜಿನ್ ಈ ಎರಡನ್ನೂ ದಾಟಿತ್ತು. ಕೆಲವೇ ಕಾಯಿಗಳಿರುವ ಮತ್ತೊಂದು ಹೆಸರಾಂತ ಸ್ಥಿತಿಯಲ್ಲಿ ಮಾತ್ರ ಆಳ 2ಕ್ಕೆ 191 ಬರಬೇಕಾದಲ್ಲಿ 193 ಬರುತ್ತಿತ್ತು. ಎರಡೇ ನಡೆಗಳ ವ್ಯತ್ಯಾಸಕ್ಕಾಗಿ ಮೂರು ರಾತ್ರಿ ಕುಳಿತೆ. ಕೊನೆಗೆ ಕಂಡದ್ದು ಇಷ್ಟು: ಬಿಳಿಯ ಆನೆ, ಕಪ್ಪಿನ ಕಾಲಾಳು, ಕಪ್ಪಿನ ರಾಜ ಒಂದೇ ಅಡ್ಡಸಾಲಿನಲ್ಲಿವೆ, ಬಿಳಿಯ ಕಾಲಾಳೊಂದು ಎರಡು ಮನೆ ಜಿಗಿದು ಅದೇ ಸಾಲಿಗೆ ಬಂದಾಗ ಕಪ್ಪು ಅದನ್ನು ಆನ್ ಪಾಸಾನ್ ಮೂಲಕ ಹೊಡೆದರೆ, ಆ ಸಾಲಿನಿಂದ ಒಂದೇ ಏಟಿಗೆ ಎರಡು ಕಾಲಾಳುಗಳು ಮಾಯವಾಗಿ ರಾಜನಿಗೆ ಆನೆಯ ಚೆಕ್ ಬೀಳುತ್ತದೆ. ಹಾಗಾಗಿ ಆ ಹೊಡೆತ ನಿಯಮಬಾಹಿರ. ಒಂದು ಕಾಯಿ ಸರಿದರೆ ರಾಜ ಬಯಲಾಗುತ್ತಾನೆಯೇ ಎಂದು ನನ್ನ ಕೋಡ್ ನೋಡುತ್ತಿತ್ತು. ಎರಡು ಒಟ್ಟಿಗೆ ಸರಿಯಬಹುದೆಂಬುದು ಅದಕ್ಕೂ ತಿಳಿದಿರಲಿಲ್ಲ, ನನಗೂ ಹೊಳೆದಿರಲಿಲ್ಲ. ಸಾವಿರ ಆಟ ಆಡಿಸಿದ್ದರೂ ಈ ತಪ್ಪು ಕಣ್ಣಿಗೆ ಬೀಳುತ್ತಿತ್ತೋ ಇಲ್ಲವೋ. ಬಿದ್ದಿದ್ದರೆ ಪಂದ್ಯದ ಮಧ್ಯದಲ್ಲಿ, ಸರ್ವರ್ ನನ್ನ ನಡೆಯನ್ನು ತಿರಸ್ಕರಿಸಿದ ಗಳಿಗೆಯಲ್ಲಿ ಬೀಳುತ್ತಿತ್ತು.

ಆಲ್ಫಾ ಬೀಟಾ ಅಂತ ಎಲ್ಲರೂ ಹೇಳುತ್ತಾರೆ. ಅದು ಏನು ಮಾಡುತ್ತದೆ?

ನೋಡಿ ಪ್ರಯೋಜನವಿಲ್ಲದ್ದನ್ನು ನೋಡದೆ ಬಿಡುತ್ತದೆ. ನಿಮ್ಮ ಮುಂದೆ ಎರಡು ನಡೆಗಳಿವೆ ಎಂದುಕೊಳ್ಳಿ. ಮೊದಲನೆಯದನ್ನು ಪೂರ್ತಿ ಪರಿಶೀಲಿಸಿದಾಗ, ಎದುರಾಳಿ ಎಷ್ಟೇ ಚೆನ್ನಾಗಿ ಉತ್ತರಿಸಿದರೂ ಆಟ ಸಮವಾಗಿ ಉಳಿಯುತ್ತದೆ ಎಂದು ತಿಳಿಯಿತು. ಎರಡನೆಯದಕ್ಕೆ ಎದುರಾಳಿಯ ಒಂದು ಉತ್ತರವನ್ನು ನೋಡುತ್ತಿದ್ದಂತೆಯೇ ನಿಮ್ಮ ಆನೆ ಹೋಗುವುದು ಕಂಡಿತು. ಅವರ ಮಿಕ್ಕ 30 ಉತ್ತರಗಳಲ್ಲಿ ಏನಿದ್ದರೂ ಈ ನಡೆ ಮೊದಲನೆಯದಕ್ಕಿಂತ ಕೀಳು ಎಂಬುದು ಆಗಲೇ ಸಾಬೀತಾಗಿದೆ, ಇನ್ನು ಎಣಿಸುವುದು ವ್ಯರ್ಥ. ಗಮನಿಸಬೇಕಾದ ಸಂಗತಿಯೆಂದರೆ ಇದು ಅಂದಾಜಿನ ಕತ್ತರಿಸುವಿಕೆ ಅಲ್ಲ. ಎಲ್ಲವನ್ನೂ ನೋಡಿದ್ದರೆ ಬರುತ್ತಿದ್ದ ಉತ್ತರವೇ ಇಲ್ಲಿಯೂ ಬರುತ್ತದೆ.

ಉಳಿತಾಯ ಎಷ್ಟೆಂದು ಲೆಕ್ಕ ಹಾಕಿದರೆ ಅಚ್ಚರಿಯಾಗುತ್ತದೆ. ಪ್ರತಿ ಸ್ಥಿತಿಯಲ್ಲಿ 35 ನಡೆಗಳೆಂದು ಹಿಡಿದರೆ ಆಳ 6ರಲ್ಲಿ ಸುಮಾರು 184 ಕೋಟಿ ಕೊನೆಯ ಸ್ಥಿತಿಗಳಿರುತ್ತವೆ; ಪ್ರತಿ ಹಂತದಲ್ಲೂ ಅತ್ಯುತ್ತಮ ನಡೆಯನ್ನೇ ಮೊದಲು ನೋಡುವಂತಾದರೆ ಆಲ್ಫಾ ಬೀಟಾಗೆ 85,749 ಸಾಕು. ಸಂಶೋಧಕರಾದ ಕನೂತ್ ಮತ್ತು ಮೂರ್ 1975ರಲ್ಲಿ ಈ ವಿಧಾನವನ್ನು ಗಣಿತದ ಕ್ರಮದಲ್ಲಿ ವಿಶ್ಲೇಷಿಸಿ ತೋರಿಸಿದರು. ಅತ್ಯುತ್ತಮ ನಡೆ ಯಾವುದೆಂದು ಮೊದಲೇ ತಿಳಿದಿರುವುದಿಲ್ಲವಾದ್ದರಿಂದ ಆ ಕನಿಷ್ಠ ಸಂಖ್ಯೆ ಸಿಗುವುದಿಲ್ಲ, ಆದರೆ ಅದರ ಹತ್ತಿರ ಹೋಗಬಹುದು: ಹಿಂದಿನ ಹುಡುಕಾಟದಲ್ಲಿ ಗೆದ್ದ ನಡೆಯನ್ನು ಮೊದಲು, ಸಣ್ಣ ಕಾಯಿಯಿಂದ ದೊಡ್ಡ ಕಾಯಿಯನ್ನು ಹೊಡೆಯುವ ನಡೆಗಳನ್ನು ಆಮೇಲೆ, ಉಳಿದವನ್ನು ಕೊನೆಗೆ ಇಡಿ. ಬಲ ಹೆಚ್ಚಿಸಲು ಏನು ಮಾಡಲಿ ಎಂದು ಕೇಳುವ ಹೊಸಬರಿಗೆ ನಾನು ಮೊದಲು ಹೇಳುವುದು ನಡೆಗಳ ಕ್ರಮವನ್ನು ಸರಿಪಡಿಸಿ ಎಂದೇ.

ನನ್ನ ಎಂಜಿನ್ ಮಂತ್ರಿಯಿಂದ ಕಾಲಾಳನ್ನು ಹೊಡೆದು ಮಂತ್ರಿಯನ್ನೇ ಕಳೆದುಕೊಳ್ಳುತ್ತದೆ. ಯಾಕೆ ಹೀಗೆ?

ಹುಡುಕಾಟ ಆ ಹೊಡೆತದ ಹತ್ತಿರವೇ ನಿಂತಿರುವುದರಿಂದ. ಆಳ 5ಕ್ಕೆ ನಿಲ್ಲಿಸಿದ ಹುಡುಕಾಟದ ಐದನೆಯ ನಡೆ ಮಂತ್ರಿ ಕಾಲಾಳನ್ನು ಹೊಡೆಯುವುದಾಗಿದ್ದರೆ ಲೆಕ್ಕದಲ್ಲಿ ಒಂದು ಕಾಲಾಳು ಲಾಭ. ಮರುಕ್ಷಣವೇ ಮಂತ್ರಿ ಹೋಗುವುದು ಆರನೆಯ ನಡೆ, ಅದು ದಿಗಂತದ ಆಚೆಗಿದೆ. ಇದಕ್ಕೆ ಪರಿಹಾರವೆಂದರೆ ಹುಡುಕಾಟ ಮುಗಿದಲ್ಲಿ ಕೂಡಲೇ ಬೆಲೆ ಕಟ್ಟದೆ, ಹೊಡೆತಗಳನ್ನು ಮಾತ್ರ ಮುಂದುವರಿಸುತ್ತ ಹೋಗಿ, ಹಲಗೆ ಶಾಂತವಾದ ಮೇಲೆ ಬೆಲೆ ಕಟ್ಟುವುದು. ಇದನ್ನು ಕ್ವಯಸೆನ್ಸ್ ಹುಡುಕಾಟ ಎನ್ನುತ್ತಾರೆ. ಸುಮಾರು 30 ಸಾಲುಗಳ ಈ ಕೋಡ್ ಸೇರಿಸಿದ ದಿನ ನಿಮ್ಮ ಎಂಜಿನ್ ಗುರುತು ಸಿಗದಷ್ಟು ಬದಲಾಗುತ್ತದೆ.

ಕಾಯಿಗಳಿಗೆ ಎಷ್ಟೆಷ್ಟು ಬೆಲೆ ಇಡಲಿ?

ಕಾಲಾಳಿಗೆ 100, ಕುದುರೆಗೆ 320, ಒಂಟೆಗೆ 330, ಆನೆಗೆ 500, ಮಂತ್ರಿಗೆ 900 ಎಂಬುದು ಹೊಸಬರಿಗೆ ಬಹಳ ಕಾಲದಿಂದ ಹೇಳಿಕೊಂಡು ಬಂದಿರುವ ಪಟ್ಟಿ. ಇದರೊಡನೆ ಯಾವ ಕಾಯಿ ಯಾವ ಮನೆಯಲ್ಲಿದ್ದರೆ ಎಷ್ಟು ಕೂಡಿಸಬೇಕು, ಎಷ್ಟು ಕಳೆಯಬೇಕು ಎಂಬ 64 ಸಂಖ್ಯೆಗಳ ಕೋಷ್ಟಕವೊಂದನ್ನು ಪ್ರತಿ ಕಾಯಿಗೂ ಇಡಿ. ಮೂಲೆಯ ಕುದುರೆ ಬಡವ, ನಡುಮನೆಯ ಕುದುರೆ ಸಿರಿವಂತ ಎಂಬುದು ಎಂಜಿನ್‌ಗೆ ತಿಳಿಯುವುದು ಹೀಗೆ. ಅಂತ್ಯದಾಟಕ್ಕೆ ಬೇರೆಯೇ ಕೋಷ್ಟಕ ಬೇಕು, ಏಕೆಂದರೆ ಆರಂಭದಲ್ಲಿ ಬಚ್ಚಿಟ್ಟುಕೊಳ್ಳಬೇಕಾದ ರಾಜ ಕೊನೆಯಲ್ಲಿ ನಡುವಿಗೆ ಬರಬೇಕು. ಅಂಕಿಗಳನ್ನು ಮನಸ್ಸಿಗೆ ತೋಚಿದಂತೆ ತಿದ್ದಬೇಡಿ. ಸಾವಿರಾರು ಆಟಗಳ ಸ್ಥಿತಿಗಳನ್ನೂ ಅವುಗಳ ಫಲಿತಾಂಶಗಳನ್ನೂ ಇಟ್ಟುಕೊಂಡು, ಬೆಲೆಯೂ ಫಲಿತಾಂಶವೂ ಹೆಚ್ಚು ಹೊಂದುವಂತೆ ಅಂಕಿಗಳನ್ನು ಯಂತ್ರದಿಂದಲೇ ತಿದ್ದಿಸುವ ಟೆಕ್ಸೆಲ್ ವಿಧಾನವನ್ನು ಆಮೇಲೆ ಕಲಿಯಿರಿ.

## ಆನ್‌ಲೈನ್‌ನಲ್ಲಿ ಆಡಿಸುವುದು

ನನ್ನದು ಪೈಥಾನ್, ಅವರದು ರಸ್ಟ್. ಎರಡು ಎಂಜಿನ್‌ಗಳು ಒಂದಕ್ಕೊಂದು ಹೇಗೆ ಮಾತಾಡುತ್ತವೆ?

ಅವು ನೇರವಾಗಿ ಮಾತಾಡುವುದಿಲ್ಲ, ಇಬ್ಬರ ನಡುವೆ ಪಂದ್ಯ ನಡೆಸುವ ಮತ್ತೊಂದು ಪ್ರೋಗ್ರಾಂ ಇರುತ್ತದೆ. ಅದರೊಡನೆ ಮಾತಾಡುವ ಭಾಷೆಯೇ ಯುಸಿಐ; ಶ್ರೆಡರ್ ಎಂಜಿನ್ ಬರೆದ ಸ್ಟೆಫಾನ್ ಮೇಯರ್-ಕಾಹ್ಲೆನ್ ಮತ್ತು ರುಡಾಲ್ಫ್ ಹ್ಯೂಬರ್ 2000ದಲ್ಲಿ ಇದನ್ನು ಪ್ರಕಟಿಸಿದರು. ಪೊಸಿಷನ್ ಎಂಬ ಆಜ್ಞೆಯೊಡನೆ ಇದುವರೆಗಿನ ನಡೆಗಳು ಬರುತ್ತವೆ, ಗೋ ಎಂಬ ಆಜ್ಞೆಯೊಡನೆ ಗಡಿಯಾರದ ಸಮಯ ಬರುತ್ತದೆ, ನಿಮ್ಮ ಎಂಜಿನ್ ಬೆಸ್ಟ್‌ಮೂವ್ ಎಂದು ಹೇಳಿ ಇ2ಇ4 ಎಂಬಂತೆ ಹೊರಟ ಮನೆ ಮತ್ತು ತಲುಪಿದ ಮನೆಯನ್ನು ಬರೆಯುತ್ತದೆ. ಮುಖ್ಯವಾದ ಆಜ್ಞೆಗಳು ಹತ್ತು ದಾಟುವುದಿಲ್ಲ. ಹೊಸಬರಿಗೆ ಕೈಕೊಡುವ ಸಂಗತಿ ಒಂದೇ: ಬರೆದ ಸಾಲು ಬಫರ್ ಎಂಬ ತಾತ್ಕಾಲಿಕ ಸಂಗ್ರಹದಲ್ಲಿ ಉಳಿದುಬಿಟ್ಟರೆ ಎದುರಿನ ಪ್ರೋಗ್ರಾಂಗೆ ಅದು ತಲುಪುವುದೇ ಇಲ್ಲ. ಪ್ರತಿ ಸಾಲಿನ ನಂತರ ಬಫರ್ ಅನ್ನು ಖಾಲಿ ಮಾಡಿಸಿ.

ಲಿಚೆಸ್‌ನಲ್ಲಿರುವ ನನ್ನ ಖಾತೆಯಲ್ಲೇ ಎಂಜಿನ್ ಆಡಿಸಬಹುದಾ?

ಖಂಡಿತ ಬೇಡ. ಆನ್‌ಲೈನ್ ಚೆಸ್ ಜಾಲತಾಣವಾದ ಲಿಚೆಸ್‌ನಲ್ಲಿ ನೀವು ಆಡುವ ಖಾತೆಯಲ್ಲಿ ಎಂಜಿನ್ ಆಡಿದರೆ ಅದು ಎದುರಿಗೆ ಕುಳಿತ ಮನುಷ್ಯನಿಗೆ ಮಾಡಿದ ಮೋಸ, ಖಾತೆಗೆ ಅದರ ಗುರುತೂ ಬೀಳುತ್ತದೆ. ಎಂಜಿನ್‌ಗಳಿಗೆಂದೇ ಲಿಚೆಸ್ 2018ರಿಂದ ಬಾಟ್ ಖಾತೆಗಳನ್ನು ಕೊಡುತ್ತಿದೆ. ಒಂದೂ ಆಟ ಆಡದ ಹೊಸ ಖಾತೆಯೊಂದನ್ನು ತೆರೆದು, ಬಾಟ್ ಆಡಿಸುವ ಅನುಮತಿಯುಳ್ಳ ಟೋಕನ್ ಪಡೆದು, ಆ ಖಾತೆಯನ್ನು ಬಾಟ್ ಆಗಿ ಬದಲಿಸಬೇಕು. ಬದಲಿಸಿದ ಮೇಲೆ ಹಿಂದಿರುಗುವ ದಾರಿಯಿಲ್ಲ. ನಿಮ್ಮ ಯುಸಿಐ ಎಂಜಿನ್‌ಗೂ ಲಿಚೆಸ್‌ಗೂ ನಡುವೆ ಸೇತುವೆಯಾಗಿ ಲಿಚೆಸ್-ಬಾಟ್ ಎಂಬ ಮುಕ್ತ ತಂತ್ರಾಂಶವಿದೆ. ಯಾರ ಸವಾಲನ್ನು ಒಪ್ಪಬೇಕು, ಎಷ್ಟು ಸಮಯದ ಆಟ, ಒಮ್ಮೆಗೆ ಎಷ್ಟು ಆಟ ಎಂಬುದನ್ನೆಲ್ಲ ಅದರ ಸಂರಚನಾ ಕಡತದಲ್ಲಿ ಬರೆಯಬಹುದು. ಟೋಕನ್ ಎಂದರೆ ಮನೆಯ ಬೀಗದಕೈ. ಕೋಡ್ ಅನ್ನು ಎಲ್ಲರಿಗೂ ಕಾಣುವಂತೆ ಹಾಕುವಾಗ ಅದರೊಡನೆ ಟೋಕನ್ ಹೋಗದಂತೆ ನೋಡಿಕೊಳ್ಳಿ.

ಆಟದ ಮಧ್ಯೆ ಕರೆಂಟು ಹೋದರೆ ಏನು ಗತಿ?

ಗಡಿಯಾರ ನಿಲ್ಲುವುದಿಲ್ಲ. ಸಂಪರ್ಕ ಬೇಗ ಮರಳಿದರೆ ಸೇತುವೆಯ ತಂತ್ರಾಂಶ ಆಟದ ಸ್ಥಿತಿಯನ್ನು ಮತ್ತೆ ಪಡೆದು ಮುಂದುವರಿಸುತ್ತದೆ, ತಡವಾದರೆ ಸೋಲು. ಲ್ಯಾಪ್‌ಟಾಪ್‌ಗೆ ಬ್ಯಾಟರಿಯಿದ್ದರೂ ರೂಟರ್‌ಗೆ ಇರುವುದಿಲ್ಲವೆಂಬುದನ್ನು ಎಷ್ಟೋ ಜನ ಮರೆತಿರುತ್ತಾರೆ. ರೂಟರ್‌ಗೆಂದೇ ಸಿಗುವ ಸಣ್ಣ ಯುಪಿಎಸ್ ನಮ್ಮ ಬಳಗದಲ್ಲಿ ಈಗ ಎಲ್ಲರ ಮನೆಯಲ್ಲೂ ಇದೆ. ಮೇ ತಿಂಗಳ ಒಂದು ಸಂಜೆ ಮಂಡ್ಯದಲ್ಲಿ ಗುಡುಗು ಮಳೆ ಸುರಿದು, ಗೆಲ್ಲುವ ಸ್ಥಿತಿಯಲ್ಲಿದ್ದ ಎರಡು ಆಟಗಳು ಸಮಯ ಮೀರಿ ಸೋತ ಮೇಲೆ ನಾವು ನಮ್ಮೊಳಗೆ ಒಂದು ಕರಾರು ಮಾಡಿಕೊಂಡೆವು: ಕರೆಂಟಿನಿಂದ ಮುರಿದ ಆಟವನ್ನು ಅದೇ ಸ್ಥಿತಿಯಿಂದ, ಉಳಿದಿದ್ದ ಅದೇ ಸಮಯದೊಡನೆ ಮುಂದುವರಿಸಬೇಕು. ಲಿಚೆಸ್‌ನ ರೇಟಿಂಗ್ ಹೋದದ್ದು ಹೋದದ್ದೇ, ನಮ್ಮ ಪಂದ್ಯದ ಲೆಕ್ಕ ಮಾತ್ರ ಉಳಿಯುತ್ತದೆ.

ಕರೆಂಟು ಇದ್ದಾಗಲೂ ಒಂದು ಸಣ್ಣ ಸೋರಿಕೆ ಇದ್ದೇ ಇರುತ್ತದೆ. ಸರ್ವರ್ ಇರುವುದು ಫ್ರಾನ್ಸಿನಲ್ಲಿ, ನಮ್ಮ ನಡೆ ಅಲ್ಲಿಗೆ ಹೋಗಿ ಬರಲು ಸೆಕೆಂಡಿನ ಒಂದು ಪಾಲು ಬೇಕು. ನಡೆಯೊಂದಕ್ಕೆ ಇಷ್ಟು ಮಿಲಿಸೆಕೆಂಡು ಬದಿಗಿಡು ಎಂದು ಹೇಳುವ ಮೂವ್ ಓವರ್‌ಹೆಡ್ ಎಂಬ ಆಯ್ಕೆಯನ್ನು ನಿಮ್ಮ ಎಂಜಿನ್‌ನಲ್ಲಿ ಇಡದಿದ್ದರೆ, ಒಂದು ನಿಮಿಷದ ಆಟಗಳಲ್ಲಿ ಗೆದ್ದ ಸ್ಥಿತಿಯಲ್ಲೇ ಸಮಯ ಮುಗಿಯುತ್ತದೆ.

ಒಬ್ಬರದು ಹೊಸ ಡೆಸ್ಕ್‌ಟಾಪ್, ನನ್ನದು ಹಳೆಯ ಲ್ಯಾಪ್‌ಟಾಪ್. ಇದು ನ್ಯಾಯವಾದ ಪಂದ್ಯವೇ?

ಎಂಜಿನ್‌ಗಳ ಪಂದ್ಯವಾಗಿ ನ್ಯಾಯವಲ್ಲ. ಆನ್‌ಲೈನ್ ಪಂದ್ಯದಲ್ಲಿ ಎಂಜಿನ್, ಯಂತ್ರ, ಇಂಟರ್ನೆಟ್ ಮೂರೂ ಸೇರಿ ಆಡುತ್ತವೆ. ಆ ಪಂದ್ಯದ ಸೊಗಸು ಬೇರೆ, ಅದನ್ನು ಬಿಡಬೇಕಾಗಿಲ್ಲ. ಯಾರ ಕೋಡ್ ಬಲವಾದದ್ದು ಎಂದು ತಿಳಿಯಬೇಕಾದರೆ ಎರಡೂ ಎಂಜಿನ್‌ಗಳನ್ನು ಒಂದೇ ಯಂತ್ರದ ಮೇಲೆ, ತಲಾ ಒಂದು ಕೋರ್ ಕೊಟ್ಟು, ಕ್ಯೂಟ್‌ಚೆಸ್ ಅಥವಾ ಫಾಸ್ಟ್‌ಚೆಸ್‌ನಂಥ ಪ್ರೋಗ್ರಾಂ ಮೂಲಕ ಆಡಿಸಬೇಕು.

ಎಂಜಿನ್‌ಗಳು ಆಡುವಾಗ ನೀವು ಏನು ಮಾಡುತ್ತೀರಿ? ಸುಮ್ಮನೆ ನೋಡುತ್ತೀರಾ?

ಮೈಸೂರಿನ ಗೆಳೆಯರೊಬ್ಬರ ಪತ್ನಿ ಕೇಳಿದ ಪ್ರಶ್ನೆ ಇದು, ನನಗೆ ಬಹಳ ಇಷ್ಟವಾದದ್ದು. ಹಲಗೆಗಿಂತ ಹೆಚ್ಚಾಗಿ ನಾವು ಎರಡು ಸಂಖ್ಯೆಗಳನ್ನು ನೋಡುತ್ತೇವೆ. ಪ್ರತಿ ಎಂಜಿನ್ ತನ್ನ ನಡೆಯೊಡನೆ ತನ್ನ ಸ್ಥಿತಿಯ ಬೆಲೆಯನ್ನೂ ಹೇಳುತ್ತದೆ. ನನ್ನ ಎಂಜಿನ್ ತಾನು ಒಂದು ಕಾಲಾಳಿನಷ್ಟು ಮುಂದಿದ್ದೇನೆ ಎನ್ನುವಾಗ ಅವರದು ತಾನೇ ಮುಂದಿದ್ದೇನೆ ಎಂದರೆ, ಇಬ್ಬರಲ್ಲಿ ಒಬ್ಬರ ಕೋಡ್‌ಗೆ ಏನೋ ತಿಳಿದಿಲ್ಲ ಎಂದಾಯಿತು. ಮುಂದಿನ ಹತ್ತು ನಡೆಗಳಲ್ಲಿ ಯಾರ ಸಂಖ್ಯೆ ಕುಸಿಯುತ್ತದೆಂದು ಕಾಯುವಾಗಿನ ತವಕ, ಸ್ವತಃ ಆಡುವಾಗಲೂ ನನಗೆ ಆಗುವುದಿಲ್ಲ. ಒಮ್ಮೆ ನನ್ನ ಎಂಜಿನ್ ಬಡ್ತಿಯತ್ತ ಸಾಗುತ್ತಿದ್ದ ಎದುರಾಳಿಯ ಕಾಲಾಳನ್ನು ಕಡೆಯವರೆಗೂ ಮಾಮೂಲಿ ಕಾಲಾಳೆಂದೇ ಎಣಿಸುತ್ತಿತ್ತು. ಆಟ ಸೋತ ಆ ರಾತ್ರಿಯೇ, ತಡೆಯುವವರಿಲ್ಲದ ಕಾಲಾಳಿಗೆ ಅದು ತಲುಪಿದ ಸಾಲಿಗೆ ತಕ್ಕಂತೆ ಹೆಚ್ಚಿನ ಬೆಲೆ ಕೊಡುವ ಕೋಡ್ ಬರೆದೆ.

## ಬಲ ಅಳೆಯುವುದು

ಹೊಸ ಆವೃತ್ತಿ ಹಳೆಯದನ್ನು 6-4ರಿಂದ ಸೋಲಿಸಿತು. ಸುಧಾರಣೆ ಆಗಿದೆ ಅನ್ನಬಹುದಲ್ಲವೇ?

ಅನ್ನಲಾಗದು. ನಾಣ್ಯವೊಂದನ್ನು 10 ಬಾರಿ ಚಿಮ್ಮಿದರೆ 6 ಅಥವಾ ಅದಕ್ಕಿಂತ ಹೆಚ್ಚು ಬಾರಿ ತಲೆ ಬೀಳುವ ಸಾಧ್ಯತೆ ನೂರಕ್ಕೆ ಸುಮಾರು 38. ಅಂದರೆ ನೀವು ಕೋಡ್‌ನ ಒಂದಕ್ಷರವನ್ನೂ ಬದಲಿಸದೆ ಆಡಿಸಿದ್ದರೂ ಇಂಥ ಫಲಿತಾಂಶ ಮೂರಕ್ಕೊಂದಕ್ಕಿಂತ ಹೆಚ್ಚು ಬಾರಿ ಬರಬಹುದಿತ್ತು.

ಎಲೋ ಲೆಕ್ಕದಲ್ಲಿ 100 ಅಂಶ ಹೆಚ್ಚಿರುವ ಎಂಜಿನ್ ನೂರಕ್ಕೆ 64 ಅಂಕ ಗಳಿಸಬೇಕು, 200 ಹೆಚ್ಚಿದ್ದರೆ 76. ಆದರೆ ನಾವು ಮಾಡುವ ಹೆಚ್ಚಿನ ಬದಲಾವಣೆಗಳು ಐದೋ ಹತ್ತೋ ಅಂಶಗಳವು. ಹತ್ತರಲ್ಲಿ ಮೂರು ಆಟ ಸಮವಾಗುತ್ತವೆಂದು ಹಿಡಿದರೆ, 100 ಆಟಗಳ ಪಂದ್ಯದ ಅನಿಶ್ಚಿತತೆ ಎರಡೂ ಕಡೆಗೆ ಸುಮಾರು 57 ಅಂಶ, 1,000 ಆಟಗಳಿಗೆ 18, 10,000 ಆಟಗಳಿಗೆ ಸುಮಾರು 6. ಐದು ಅಂಶಗಳ ಸುಧಾರಣೆಯನ್ನು ನೂರು ಆಟಗಳಲ್ಲಿ ಕಾಣುತ್ತೇನೆನ್ನುವುದು ಸಕ್ಕರೆ ಕಾರ್ಖಾನೆಯ ತೂಕದ ಸೇತುವೆಯ ಮೇಲೆ, ಕಬ್ಬಿನ ಗಾಡಿ ನಿಲ್ಲಿಸುವಲ್ಲಿ, ಚಿನ್ನ ತೂಗಿದಂತೆ.

ಎಷ್ಟು ಆಟ ಸಾಕೆಂದು ಮೊದಲೇ ನಿಗದಿ ಮಾಡುವ ಬದಲು ಎಸ್‌ಪಿಆರ್‌ಟಿ ಎಂಬ ಪರೀಕ್ಷೆಯನ್ನು ಬಳಸಿ. ಇದರ ಮೂಲ ಅಬ್ರಹಾಂ ವಾಲ್ಡ್ ಎರಡನೆಯ ಮಹಾಯುದ್ಧದ ಕಾಲದಲ್ಲಿ ರೂಪಿಸಿದ ಸಂಖ್ಯಾಶಾಸ್ತ್ರ. ಬದಲಾವಣೆಯಿಂದ ಲಾಭ 0 ಎಂಬ ಊಹೆ ಒಂದು, 5 ಎಂಬುದು ಇನ್ನೊಂದು. ಪ್ರತಿ ಆಟದ ನಂತರ ಸಾಕ್ಷ್ಯ ಯಾವ ಕಡೆ ವಾಲುತ್ತಿದೆ ಎಂಬ ಮೊತ್ತವನ್ನು ಕೂಡುತ್ತ ಹೋಗುತ್ತಾರೆ. ತಪ್ಪಿನ ಸಾಧ್ಯತೆಯನ್ನು ಎರಡೂ ಕಡೆ ನೂರಕ್ಕೆ 5 ಎಂದು ಇಟ್ಟರೆ, ಮೊತ್ತ 2.94 ಮುಟ್ಟಿದರೆ ಬದಲಾವಣೆ ಪಾಸು, ಮೈನಸ್ 2.94 ಮುಟ್ಟಿದರೆ ಫೇಲು. ಮಧ್ಯದಲ್ಲಿ ಅಂಕಿ ಚೆನ್ನಾಗಿ ಕಂಡಿತೆಂದು ನಿಲ್ಲಿಸಬಾರದು. ಒಂದು ಕಡೆಗೆ 10 ಸೆಕೆಂಡು, ಪ್ರತಿ ನಡೆಗೆ 0.1 ಸೆಕೆಂಡು ಸೇರ್ಪಡೆ ಎಂದಿಟ್ಟು ಮೂರು ಆಟಗಳನ್ನು ಏಕಕಾಲಕ್ಕೆ ನಡೆಸಿದರೆ, ನಾನು ಮಲಗಿ ಏಳುವಷ್ಟರಲ್ಲಿ ಸುಮಾರು 2,500 ಆಟಗಳು ಮುಗಿದಿರುತ್ತವೆ. ನನಗೆ ತುಂಬ ಚೆಂದ ಎನಿಸಿದ್ದ ಎಷ್ಟೋ ವಿಚಾರಗಳು ಹೀಗೆ ಬೆಳಗಾಗುವಷ್ಟರಲ್ಲಿ ಫೇಲಾಗಿವೆ, ಅವುಗಳನ್ನು ಅಳಿಸಿದ್ದರಿಂದಲೇ ಎಂಜಿನ್ ಬೆಳೆದಿದೆ.

ಎಷ್ಟು ಸಲ ಆಡಿಸಿದರೂ ಅದೇ ಆಟ ಬರುತ್ತಿದೆಯಲ್ಲ?

ಎಂಜಿನ್‌ನಲ್ಲಿ ಅದೃಷ್ಟಕ್ಕೆ ಜಾಗವಿಲ್ಲದಿದ್ದರೆ ಅದು ಬಹುಮಟ್ಟಿಗೆ ಅದೇ ನಡೆಗಳನ್ನೇ ಆಡುತ್ತದೆ. ಕೆಲವು ನೂರು ಬೇರೆ ಬೇರೆ ಆರಂಭದ ಸ್ಥಿತಿಗಳ ಕಡತವೊಂದನ್ನು ಪಂದ್ಯ ನಡೆಸುವ ಪ್ರೋಗ್ರಾಂಗೆ ಕೊಡಿ. ಪ್ರತಿ ಸ್ಥಿತಿಯನ್ನೂ ಬಣ್ಣ ಅದಲುಬದಲು ಮಾಡಿ ಎರಡು ಬಾರಿ ಆಡಿಸಿದರೆ ಆರಂಭದ ಅನುಕೂಲ ಒಬ್ಬರ ಪಾಲಾಗುವುದಿಲ್ಲ.

ನನ್ನ ಬಾಟ್‌ನ ರೇಟಿಂಗ್ 1900 ತೋರಿಸುತ್ತದೆ. ಫಿಡೆಯ 1900ಕ್ಕೆ ಸಮವೇ?

ಅಲ್ಲ. ರೇಟಿಂಗ್ ಎಂಬುದು ಒಂದು ಗುಂಪಿನೊಳಗಿನ ಹೋಲಿಕೆ ಮಾತ್ರ. ನಿಮ್ಮ ಬಾಟ್ ಆಡಿದವರ ಗುಂಪು ಬೇರೆ, ವಿಶ್ವ ಚೆಸ್ ಒಕ್ಕೂಟವಾದ ಫಿಡೆಯ ಆಟಗಾರರ ಗುಂಪು ಬೇರೆ, ಎಂಜಿನ್‌ಗಳನ್ನು ಆಡಿಸಿ ಪಟ್ಟಿ ಮಾಡುವ ಸಿಸಿಆರ್‌ಎಲ್‌ನ ಗುಂಪು ಮತ್ತೂ ಬೇರೆ.

## ಮುಂದುವರಿದವರಿಗೆ

ಹ್ಯಾಶ್ ಟೇಬಲ್ ಹಾಕಿದ ಮೇಲೆ ಗೆದ್ದ ಆಟಗಳನ್ನೂ ಮುಗಿಸುತ್ತಿಲ್ಲ. ಎಲ್ಲಿ ತಪ್ಪಿದೆ?

ಬಹುಶಃ ಚೆಕ್‌ಮೇಟ್‌ನ ಅಂಕದಲ್ಲಿ. ಹ್ಯಾಶ್ ಟೇಬಲ್ ಎಂದರೆ ಒಮ್ಮೆ ಹುಡುಕಿದ ಸ್ಥಿತಿಗಳ ಫಲಿತಾಂಶವನ್ನು ಬರೆದಿಡುವ ಕೋಷ್ಟಕ. ಸ್ಥಿತಿಗಳನ್ನು ಗುರುತಿಸಲು ನಾವು ಬಳಸುವುದು ಆಲ್ಬರ್ಟ್ ಜೋಬ್ರಿಸ್ಟ್ 1970ರಲ್ಲಿ ವಿವರಿಸಿದ ಉಪಾಯ: 12 ಬಗೆಯ ಕಾಯಿಗಳಿಗೆ 64 ಮನೆಗಳಂತೆ 768, ಯಾರ ಸರದಿ ಎಂಬುದಕ್ಕೆ 1, ಕ್ಯಾಸ್ಲಿಂಗ್ ಹಕ್ಕುಗಳಿಗೆ 4, ಆನ್ ಪಾಸಾನ್ ಕಂಬಸಾಲಿಗೆ 8, ಒಟ್ಟು 781 ಯಾದೃಚ್ಛಿಕ 64 ಬಿಟ್ ಸಂಖ್ಯೆಗಳನ್ನು ಇಟ್ಟುಕೊಂಡು, ಹಲಗೆಯ ಮೇಲಿರುವುದಕ್ಕೆ ತಕ್ಕವನ್ನು ಎಕ್ಸ್‌ಆರ್ ಎಂಬ ಬಿಟ್ ಲೆಕ್ಕದಿಂದ ಒಂದೇ ಸಂಖ್ಯೆಯಾಗಿ ಬೆರೆಸುವುದು. ಮೇಟ್‌ನ ಅಂಕ ಮಾತ್ರ ಎಚ್ಚರ ಬೇಡುತ್ತದೆ. ಹುಡುಕಾಟ ಶುರುವಾದ ಮೂಲಸ್ಥಿತಿಯಿಂದ ಎಷ್ಟು ನಡೆಗೆ ಮೇಟ್ ಎಂಬ ಲೆಕ್ಕದಲ್ಲೇ ಅದನ್ನು ಕೋಷ್ಟಕದಲ್ಲಿಟ್ಟರೆ, ಅದೇ ಸ್ಥಿತಿ ಬೇರೆ ಆಳದಲ್ಲಿ ಎದುರಾದಾಗ ದೂರ ತಪ್ಪಾಗುತ್ತದೆ. ಆಗ ಎಂಜಿನ್‌ಗೆ ಮೇಟ್ ಯಾವಾಗಲೂ ಎರಡು ನಡೆ ಮುಂದೆಯೇ ಇರುವಂತೆ ಕಾಣುತ್ತದೆ, ಅದು ಸುತ್ತುತ್ತಲೇ ಇರುತ್ತದೆ. ಇಡುವಾಗ ಆ ಸ್ಥಿತಿಯಿಂದ ಎಷ್ಟು ದೂರ ಎಂದು ಬದಲಿಸಿ ಇಡಿ, ತೆಗೆಯುವಾಗ ಮತ್ತೆ ಮೂಲಸ್ಥಿತಿಯ ಲೆಕ್ಕಕ್ಕೆ ತನ್ನಿ. ಸ್ಥಿತಿ ಮರುಕಳಿಸಿದೆಯೇ ಎಂಬ ಪರೀಕ್ಷೆಯನ್ನು ಕೋಷ್ಟಕ ನೋಡುವುದಕ್ಕೆ ಮೊದಲೇ ಮಾಡಿ.

ಬೇರೆಯವರ ಕೋಡ್ ನೋಡಿ ಬರೆಯುವುದು ತಪ್ಪೇ?

ಓದುವುದು ತಪ್ಪಲ್ಲ, ಓದದೆ ಕಲಿಯುವುದು ಕಷ್ಟ. ವಿಚಾರವನ್ನು ತೆಗೆದುಕೊಂಡು ನಿಮ್ಮ ಕೈಯಿಂದ ಬರೆದರೆ, ಯಾರಿಂದ ಕಲಿತಿರೆಂದು ಹೇಳಿದರೆ, ಯಾರ ಆಕ್ಷೇಪವೂ ಇರುವುದಿಲ್ಲ. ಕೋಡ್ ಅನ್ನೇ ತೆಗೆದುಕೊಂಡರೆ ಅದರ ಪರವಾನಗಿಯ ಷರತ್ತುಗಳು ಜೊತೆಗೇ ಬರುತ್ತವೆ. ಸ್ಟಾಕ್‌ಫಿಶ್ ಜಿಪಿಎಲ್ ಎಂಬ ಪರವಾನಗಿಯ ಅಡಿಯಲ್ಲಿದೆ, ಅದರಿಂದ ಹುಟ್ಟಿದ್ದನ್ನು ಹಂಚುವಾಗ ನಿಮ್ಮ ಕೋಡ್ ಅನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಈ ವಿಷಯವನ್ನು ನಮ್ಮ ವಲಯ ಗಂಭೀರವಾಗಿ ತೆಗೆದುಕೊಳ್ಳುತ್ತದೆ. 2011ರಲ್ಲಿ ಅಂತರರಾಷ್ಟ್ರೀಯ ಕಂಪ್ಯೂಟರ್ ಗೇಮ್ಸ್ ಸಂಘವು ರಿಬ್ಕಾ ಎಂಬ ಎಂಜಿನ್ ಕ್ರಾಫ್ಟಿ ಮತ್ತು ಫ್ರೂಟ್‌ನಿಂದ ನಕಲು ಮಾಡಿದೆಯೆಂದು ತೀರ್ಮಾನಿಸಿ ಅದರ ವಿಶ್ವ ಪ್ರಶಸ್ತಿಗಳನ್ನು ಹಿಂಪಡೆಯಿತು; ಬರೆದವರು ಆರೋಪವನ್ನು ಅಲ್ಲಗಳೆದರು, ತಜ್ಞರಲ್ಲಿಯೂ ಭಿನ್ನಾಭಿಪ್ರಾಯ ಉಳಿಯಿತು. ನಮ್ಮ ಭಾನುವಾರದ ಪಂದ್ಯದಲ್ಲಿ ನಿಯಮ ಸರಳ: ನಿಮ್ಮ ಎಂಜಿನ್‌ನ ಯಾವುದೇ ಸಾಲಿನ ಮೇಲೆ ಬೆರಳಿಟ್ಟು ಇದು ಯಾಕಿದೆ ಎಂದು ಕೇಳಿದರೆ ನೀವು ವಿವರಿಸಬಲ್ಲವರಾಗಿರಬೇಕು.

ಈಗ ಎಲ್ಲರೂ ನ್ಯೂರಲ್ ನೆಟ್‌ವರ್ಕ್ ಹಾಕುತ್ತಿದ್ದಾರೆ. ನಾನೂ ಹಾಕಲೇ?

ಹಾಕಿ, ಆದರೆ ಕೈಯಿಂದ ಬರೆದ ಮೌಲ್ಯಮಾಪನದೊಡನೆ ಕೆಲವು ತಿಂಗಳು ಕಳೆದ ಮೇಲೆ. ಜಪಾನಿನ ಯು ನಾಸು ಅಲ್ಲಿನ ಚದುರಂಗವಾದ ಶೋಗಿ ಆಟಕ್ಕಾಗಿ 2018ರಲ್ಲಿ ರೂಪಿಸಿದ ಎನ್‌ಎನ್‌ಯುಇ ಎಂಬ, ಸ್ಥಿತಿಗೆ ಬೆಲೆ ಕಟ್ಟುವ ಸಣ್ಣ ನ್ಯೂರಲ್ ಜಾಲ 2020ರಲ್ಲಿ ಸ್ಟಾಕ್‌ಫಿಶ್ 12ರ ಮೂಲಕ ಚೆಸ್‌ಗೆ ಬಂದಿತು. ಒಂದು ನಡೆಯಲ್ಲಿ ಎರಡೋ ಮೂರೋ ಕಾಯಿಗಳು ಮಾತ್ರ ಬದಲಾಗುವುದರಿಂದ, ಜಾಲದ ಮೊದಲ ಪದರವನ್ನು ಪೂರ್ತಿ ಲೆಕ್ಕ ಹಾಕದೆ ಬದಲಾದಷ್ಟನ್ನೇ ಕೂಡಿ ಕಳೆಯಬಹುದೆಂಬುದು ಅದರ ಗುಟ್ಟು. ಹಾಗಾಗಿ ಜಿಪಿಯು ಇಲ್ಲದ ಸಾಮಾನ್ಯ ಪ್ರೊಸೆಸರ್‌ನಲ್ಲೂ ಓಡುತ್ತದೆ. 768 ಒಳಹರಿವುಗಳ ಸಣ್ಣ ಜಾಲವೂ ಹವ್ಯಾಸಿ ಎಂಜಿನ್‌ನ ಬಲವನ್ನು ನೂರಾರು ಅಂಶಗಳಷ್ಟು ಏರಿಸಬಲ್ಲದು. ನನ್ನ ಆಗ್ರಹವೆಂದರೆ ತರಬೇತಿಯ ಸ್ಥಿತಿಗಳು ನಿಮ್ಮ ಎಂಜಿನ್ ತನ್ನೊಡನೆ ತಾನೇ ಆಡಿದ ಆಟಗಳಿಂದಲೇ ಬರಲಿ. ಬೇರೆಯವರು ತರಬೇತಿ ಕೊಟ್ಟ ಜಾಲವನ್ನು ಅಂಟಿಸಿದರೆ ಪಂದ್ಯದಲ್ಲಿ ಗೆಲ್ಲುವುದು ಅವರ ಜಾಲ.

ಎಂಡ್‌ಗೇಮ್ ಟೇಬಲ್‌ಬೇಸ್ ಇಳಿಸಿಕೊಳ್ಳಬೇಕೇ?

ಕೆಲವೇ ಕಾಯಿಗಳುಳಿದ ಸ್ಥಿತಿಗಳಿಗೆಲ್ಲ ಸರಿಯಾದ ಉತ್ತರವನ್ನು ಮೊದಲೇ ಲೆಕ್ಕ ಹಾಕಿಟ್ಟ ಕಡತಗಳೇ ಟೇಬಲ್‌ಬೇಸ್. 5 ಕಾಯಿಗಳವರೆಗಿನ ಸಿಜಿಜಿ ಎಂಬ ಬಗೆಯ ಕಡತಗಳು ಸುಮಾರು 1 ಜಿಬಿ, ಇಳಿಸಿಕೊಳ್ಳಲು ಅಡ್ಡಿಯಿಲ್ಲ. 6 ಕಾಯಿಗಳಿಗೆ ಸುಮಾರು 150 ಜಿಬಿ ಬೇಕು, 7 ಕಾಯಿಗಳಿಗೆ ಸುಮಾರು 17 ಟಿಬಿ. ನಮ್ಮ ಬಳಗದಲ್ಲಿ ಯಾರ ಮನೆಯಲ್ಲೂ ಅಷ್ಟು ಜಾಗವಿಲ್ಲ. ಇವುಗಳಿಂದ ಬರುವ ಬಲ ಸಣ್ಣದು. ನಾನು ಪಂದ್ಯಗಳಿಗೆ ಇವನ್ನು ಬಳಸುವುದಿಲ್ಲ. ಪಂದ್ಯ ಮುಗಿದ ಮೇಲೆ, ಆನೆ ಮತ್ತು ಕಾಲಾಳಿನ ಅಂತ್ಯದಾಟವನ್ನು ನನ್ನ ಎಂಜಿನ್ ಎಷ್ಟನೆಯ ನಡೆಯಲ್ಲಿ ಕೈಬಿಟ್ಟಿತೆಂದು ಪತ್ತೆ ಹಚ್ಚಲು ಬಳಸುತ್ತೇನೆ.